ಬಿಚ್ಚಿಟ್ಟ ಎಂಜಿನ್ನಿನ ಬಿಸಿ

ಅಥಣಿಯಲ್ಲಿ ನನ್ನದೊಂದು ಗ್ಯಾರೇಜಿದೆ. ಕಳೆದ ವರ್ಷ ಸತ್ತಿ ಊರಿನ ಜಿನೇಂದ್ರ, ತೀರಿಹೋದ ಅಣ್ಣನ ಕಾರಿನಿಂದ ಇಳಿಸಿದ ಎಂಜಿನ್ ತಂದ.

"ನನ್ನ ಗಾಡಿಗೆ ಹಾಕೂದೈತಿ ಮಿಸ್ತ್ರಿ, ಒಳಗ ಹೆಂಗೈತಿ ನೋಡ್ರಿ."

ಸ್ಟ್ಯಾಂಡಿಗೇರಿಸಿ, ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ, ಕ್ರ್ಯಾಂಕಿನ ಬೋಲ್ಟಿಗೆ ಪಾನಾ ಹಾಕಿ ತಿರುವಿದೆ. ಗಾಳಿ ಬೆರಳನ್ನು ಜೋರಾಗಿ ತಳ್ಳಿತು. ಎಂಜಿನ್ ಗಟ್ಟಿಯಿತ್ತು. ಆದರೆ ಇಳಿಹೊತ್ತಿನಲ್ಲಿ ಮುಟ್ಟಿದರೆ ಕೈ ಚುರ್ರೆಂದಿತು. ಪೆಟ್ರೋಲಿಲ್ಲ, ಬ್ಯಾಟರಿಯಿಲ್ಲ, ಆದರೂ ದೂರದಿಂದ ಓಡಿಬಂದು ಈಗಷ್ಟೇ ನಿಂತ ಗಾಡಿಯಂತೆ ಟಿಕ್ ಟಿಕ್ ಎನ್ನುತ್ತಿತ್ತು.

ಬಿಸಿಲಿಗೆ ಕಾದಿರಬೇಕೆಂದು ಮರುದಿನ ಒಳಕೋಣೆಯಲ್ಲಿಟ್ಟೆ. ಅದೇ ಹೊತ್ತಿಗೆ ಅದೇ ಬಿಸಿ. ಜಿನೇಂದ್ರನನ್ನು ಕರೆಸಿದೆ. ಅವನು ಮುಟ್ಟಿದವನೇ ಕೈ ಹಿಂದೆಗೆದ.

"ಅಣ್ಣ ಊಟಕ್ಕ ಬರೂ ಹೊತ್ತರಿ ಇದು."

ಅವರು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅಣ್ಣ ವೃಷಭ ಕುಡಚಿಯ ಅಂಗಡಿಯಿಂದ ದಿನಾಲೂ ಆ ಕಾರಿನಲ್ಲೇ ಅಷ್ಟರೊಳಗೆ ಮನೆ ಮುಟ್ಟುತ್ತಿದ್ದನಂತೆ. ಕಡೆಯ ದಿನ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದ.

"ನಾ ಇದನ್ನ ಒಯ್ಯಾಂಗಿಲ್ರಿ," ಎಂದ ಜಿನೇಂದ್ರ.

"ಕಾರಣ ಸಿಗೂತನಕ ನಾನೂ ಬಿಡಾಂಗಿಲ್ಲ," ಎಂದೆ. ಕಬ್ಬಿಣಕ್ಕೆ ಹೆದರಿದರೆ ನಾನು ಗ್ಯಾರೇಜು ಮುಚ್ಚಬೇಕಾಗುತ್ತದೆ.

ಮರುದಿನ ಪೂರ್ತಿ ಬಿಚ್ಚಿದೆ. ಪಿಸ್ಟನ್ನು, ವಾಲ್ವು, ಕ್ರ್ಯಾಂಕು ಎಲ್ಲವನ್ನೂ ತೊಳೆದು ಒರೆಸಿ, ಹೊಸ ಗೋಣಿತಟ್ಟಿನ ಮೇಲೆ ಬಿಡಿಬಿಡಿಯಾಗಿ ಹರಡಿ, ಎದುರಿಗೇ ಸ್ಟೂಲು ಹಾಕಿಕೊಂಡು ಕೂತೆ. ಎಲ್ಲವೂ ತಣ್ಣಗಿದ್ದವು. ಹೊತ್ತು ಇಳಿಯಿತು. ಸೆಣಬು ಕಮರಿದ ವಾಸನೆ ಬಂತು. ಇಕ್ಕಳದಿಂದ ಒಂದೊಂದನ್ನೇ ಎತ್ತಿದೆ. ಪ್ರತಿಯೊಂದರ ಕೆಳಗೂ ಅದರದೇ ಆಕಾರದ ಸುಟ್ಟ ಕಲೆ.

ಆ ಗೋಣಿತಟ್ಟು ನನ್ನ ಗ್ಯಾರೇಜಿನ ಗೋಡೆಯ ಮೇಲಿದೆ. ಬಂದವರು ನೋಡಬಹುದು.