ಹದಿನೇಳನೇ ಕಾಲಂ

ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ಯುವತಿಯ ಕಂಕುಳಲ್ಲಿ ಸುತ್ತಿದ ದೊಡ್ಡ ಕಾಗದವಿತ್ತು. ಕ್ಯಾನ್ಸರ್ ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ದತ್ತಾಂಶ ವಿಶ್ಲೇಷಕಿ ಎಂದು ಹೇಳಿಕೊಂಡಳು. ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಒಬ್ರು ಸತ್ತಿದಾರೆ ಸರ್. ಬದುಕೋ ದಾರಿ ಇತ್ತೇನೋ. ಒಳಗೊಳಗೇ ಮುಗಿಸೋಣ ಅಂದ್ರು ನಮ್ಮ ಮುಖ್ಯಸ್ಥರು. ನನ್ನ ಮನಸ್ಸು ಒಪ್ಪಲಿಲ್ಲ."

ಕಾಗದವನ್ನು ಮೇಜಿನ ಮೇಲೆ ಹರಡಿದಳು. ಅದರ ತುಂಬ ಕೆಂಪು, ನೀಲಿ, ಬಿಳಿಯ ಚಿಕ್ಕ ಚಿಕ್ಕ ಚೌಕಗಳು.

"ಇದೇನಮ್ಮ, ನೆಲಕ್ಕೆ ಹಾಸೋ ಟೈಲ್ಸಾ?" ಎಂದಳು ಪಕ್ಕದಲ್ಲಿದ್ದ ಹೆಡ್ ಕಾನ್‌ಸ್ಟೆಬಲ್.

"ಹೀಟ್‌ಮ್ಯಾಪ್ ಅಂತಾರೆ ಮೇಡಂ. ಒಂದೊಂದು ಕಾಲಂ ಒಬ್ಬೊಬ್ಬ ರೋಗಿ. ಒಂದೊಂದು ಅಡ್ಡಸಾಲು ಒಂದೊಂದು ಜೀನ್. ಗಡ್ಡೆಯಿಂದ ತೆಗೆದ ಚೂರಲ್ಲಿ ಯಾವ ಜೀನ್ ಜೋರಾಗಿ ಕೆಲಸ ಮಾಡ್ತಿದೆಯೋ ಅದು ಕೆಂಪು. ಸುಮ್ಮನಿದ್ರೆ ನೀಲಿ."

"ನಮ್ಮ ಠಾಣೆದೂ ಇಂಥದೊಂದು ಬರೆಸಿದ್ರೆ ಅರ್ಧ ಗೋಡೆ ನೀಲಿನೇ," ಎಂದಳು ಹೆಡ್ ಕಾನ್‌ಸ್ಟೆಬಲ್. ಇನ್‌ಸ್ಪೆಕ್ಟರ್ ಅವಳತ್ತ ಒಮ್ಮೆ ನೋಡಿದ. ಅವಳು ಪೆನ್ನು ಕೈಗೆತ್ತಿಕೊಂಡಳು.

ಯುವತಿ ಹದಿನೇಳನೇ ಕಾಲಂನ ಮೇಲೆ ಬೆರಳಿಟ್ಟಳು. "ಇವರು ಐವತ್ತೆರಡು ವರ್ಷದ ಹೆಂಗಸು. ಆದ್ರೆ ಇಲ್ಲಿ ನೋಡಿ, ಗಂಡಸರಲ್ಲಿ ಮಾತ್ರ ಇರೋ ಐದು ಜೀನ್. ಐದೂ ಕೆಂಪು. ಇಪ್ಪತ್ಮೂರನೇದು ಗಂಡಸು. ಅವರಲ್ಲಿ ಐದೂ ನೀಲಿ. ಎಲ್ಲರನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದಾಗ ಕಣ್ಣಿಗೆ ಬಿತ್ತು."

"ಅಂದ್ರೆ ಚೂರಿಟ್ಟ ಟ್ಯೂಬು ಅದಲುಬದಲು."

"ಹೌದು ಸರ್. ಹೊಸ ಔಷಧಿ ಯಾರಿಗೆ ಕೊಡ್ಬೇಕು ಅನ್ನೋದನ್ನ ಈ ಚಿತ್ರದಲ್ಲಿ ಬೇರೆ ಕೆಲವು ಜೀನ್ ಕೆಂಪಾಗಿದ್ಯಾ ಅಂತ ನೋಡಿನೇ ತೀರ್ಮಾನ ಮಾಡೋದು. ಹದಿನೇಳಕ್ಕೆ ಸಿಗಬೇಕಾದ್ದು ಇಪ್ಪತ್ಮೂರಕ್ಕೆ ಹೋಯ್ತು. ಹೆಂಗಸು ತೀರಿಕೊಂಡು ಮೂರು ವಾರ ಆಯ್ತು."

ಹನ್ನೊಂದೂಮುಕ್ಕಾಲಿಗೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಪ್ರಯೋಗಾಲಯದ ಪಂಚನಾಮೆ ನಡೆಯಿತು. ಉದ್ದನೆಯ ಕೋಣೆ, ಗುಂಯ್‌ಗುಡುವ ಮೂರು ಫ್ರೀಜರ್, ಕೊನೆಯಲ್ಲಿ ಲೇಬಲ್ ಮುದ್ರಿಸುವ ಪುಟ್ಟ ಯಂತ್ರ. ರಿಜಿಸ್ಟರ್ ಪ್ರಕಾರ ಹದಿನೇಳರ ಟ್ಯೂಬ್ ಬಂದದ್ದು ಆರು ತಿಂಗಳ ಹಿಂದೆ, ನಾಲ್ಕನೇ ತಾರೀಕು, ಇಪ್ಪತ್ತಮೂರರದ್ದು ಹನ್ನೊಂದಕ್ಕೆ. ಎರಡೂ ಇದ್ದದ್ದು ಬೇರೆ ಬೇರೆ ಫ್ರೀಜರಿನಲ್ಲಿ. ಕೈತಪ್ಪಿ ಆದದ್ದು ಎನ್ನಲು ಜಾಗವೇ ಇರಲಿಲ್ಲ. ಲೇಬಲ್ ಯಂತ್ರದ ಮೆಮೊರಿಯಲ್ಲಿ ಇವೆರಡು ನಂಬರಿನ ಲೇಬಲ್ ಮತ್ತೊಮ್ಮೆ ಮುದ್ರಣವಾದ ದಾಖಲೆ ಸಿಕ್ಕಿತು: ಅದೇ ತಿಂಗಳ ಹನ್ನೆರಡನೇ ತಾರೀಕು, ಮಧ್ಯಾಹ್ನ ಒಂದು ಮೂವತ್ತೈದು. ಎಲ್ಲರೂ ಊಟಕ್ಕೆ ಹೋಗಿದ್ದ ಹೊತ್ತು. ಆಗ ಬಾಗಿಲು ತೆರೆದದ್ದು ಒಂದೇ ಕಾರ್ಡಿಗೆ. ಅದು ಹಿರಿಯ ಟೆಕ್ನಿಷಿಯನ್ನಳ ಕಾರ್ಡು.

"ಹದಿನೆಂಟು ವರ್ಷದಲ್ಲಿ ಆಯಮ್ಮನಿಂದ ಒಂದು ತಪ್ಪೂ ಆಗಿಲ್ಲ ಸರ್," ಎಂದ ಮುಖ್ಯಸ್ಥ. ಇನ್‌ಸ್ಪೆಕ್ಟರ್ ಅದನ್ನೂ ಬರೆಸಿಕೊಂಡ.

ಮಂಗಳವಾರ ಸತ್ತವಳ ಗಂಡನನ್ನು ಕಂಡರು. ಆತ ದರ್ಜಿ. ಅಂಗಡಿಯಲ್ಲಿ ಎರಡು ಹೊಲಿಗೆ ಯಂತ್ರಗಳಿದ್ದವು, ಒಂದಕ್ಕೆ ಬಟ್ಟೆ ಹೊದಿಸಿತ್ತು.

"ಈ ಔಷಧಿ ನಿಮಗೆ ಹೊಂದಲ್ಲ ಅಂದ್ರು. ಓದಿದೋರು ಹೇಳಿದ್ಮೇಲೆ ಸುಳ್ಳಿರುತ್ತಾ? ಹೂಂ ಅಂತ ವಾಪಸ್ ಬಂದ್ವಿ." ಗುಂಡಿಯ ಡಬ್ಬಿಯನ್ನು ಸುಮ್ಮನೆ ಆಚೀಚೆ ಸರಿಸಿದ. "ಅದು ತಪ್ಪು ಅಂತ ಗೊತ್ತಾದ್ರೆ ನನಗೆ ಹೇಳ್ಬೇಡಿ ಸರ್." ಡಬ್ಬಿಯ ಮುಚ್ಚಳ ಹಾಕಿ, "ಇಲ್ಲ, ಹೇಳಿ," ಎಂದ.

ಇಪ್ಪತ್ತಮೂರನೆಯವನು ಬಸ್ ಚಾಲಕ, ನಲವತ್ತೊಂದು ವರ್ಷ. ಬುಧವಾರ ಹೋದಾಗ ಕಿಟಕಿಯ ಬಳಿ ದಿಂಬಿಗೊರಗಿ ಕೂತಿದ್ದ. ಅಂಗಿಯೊಳಗೆ ಮೈಯೇ ಇರಲಿಲ್ಲ.

"ಔಷಧಿ ಹಿಡಿಸ್ತಾ?"

"ಏನೂ ಕಾಣ್ತಿಲ್ಲ ಸರ್. ಆದ್ರೂ ಧೈರ್ಯ ಇದೆ. ಲ್ಯಾಬಲ್ಲಿ ನಮ್ಮಕ್ಕ ಇದಾಳಲ್ಲ."

ಹೆಡ್ ಕಾನ್‌ಸ್ಟೆಬಲ್ ಬರೆಯುವುದನ್ನು ನಿಲ್ಲಿಸಿದಳು. ಒಡಹುಟ್ಟಿದವರ ಮಾದರಿಯನ್ನು ಮುಟ್ಟಬಾರದೆಂಬ ನಿಯಮ ಆ ವಿಭಾಗದಲ್ಲಿತ್ತು. ಆ ಹಿರಿಯ ಟೆಕ್ನಿಷಿಯನ್ನೇ ಇವನ ಅಕ್ಕ; ಅದನ್ನು ಅವಳು ಯಾರಿಗೂ ತಿಳಿಸಿರಲಿಲ್ಲ.

ಅಂದೇ ಸಂಜೆ ಚಿಕಿತ್ಸೆ ಕೊಡುವ ವೈದ್ಯರ ಹೇಳಿಕೆ ಪಡೆದರು. ಔಷಧಿಗೆ ಬೇಕಾದ ಜೀನ್‌ಗಳು ಸುಮ್ಮನಿರುವವರಲ್ಲಿ ಹೊಸ ಔಷಧಿ ನೂರರಲ್ಲಿ ಐವರಿಗೆ ಹಿಡಿದರೆ ಹೆಚ್ಚು. ಚಾಲಕನಿಗೆ ಹಳೆಯ ಔಷಧಿಯೇ ಸರಿಹೋಗುತ್ತಿತ್ತು. ಅದನ್ನು ನಿಲ್ಲಿಸಿ ಹೊಸದನ್ನು ಶುರು ಮಾಡಿದ್ದರು.

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಟೆಕ್ನಿಷಿಯನ್ ಠಾಣೆಗೆ ಬಂದಳು. ಕೈಗವಸು ಹಾಕಿ ಹಾಕಿ ಬೆರಳು ಬಿಳಿಚಿಕೊಂಡಿದ್ದವು. ಇನ್‌ಸ್ಪೆಕ್ಟರ್ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟ. ಒಂದು, ಅಂತಿಮ ಪರೀಕ್ಷೆಯದು. ಇನ್ನೊಂದು, ಅದಕ್ಕೂ ಮೊದಲು ಅವಳೊಬ್ಬಳೇ ಮಾಡಿ, ರಿಜಿಸ್ಟರಿಗೆ ಬರೆಯದೆ ಬಿಟ್ಟ ಪರೀಕ್ಷೆಯದು. ಪರೀಕ್ಷೆ ಮಾಡುವ ಯಂತ್ರ ಅದನ್ನು ಅಳಿಸಿರಲಿಲ್ಲ.

"ಔಷಧಿಯ ಜೀನ್ ನೋಡಿ, ನೀವು ಮೊದಲು ಮಾಡಿದ್ದರಲ್ಲಿ ಹದಿನೇಳು ಕೆಂಪು. ಕೊನೆಯದರಲ್ಲಿ ಇಪ್ಪತ್ಮೂರು ಕೆಂಪು. ಹೇಗಮ್ಮ?"

ಅವಳು ಕೊನೆಯ ಚಿತ್ರವನ್ನು ಪಕ್ಕಕ್ಕೆ ಸರಿಸಿದಳು. "ನಾನೇ ಬದಲಾಯಿಸಿದೆ."

"ತಮ್ಮ ಕೇಳ್ಕೊಂಡನಾ?"

"ಅಯ್ಯೋ, ಅವನಿಗೇನೂ ಗೊತ್ತಿಲ್ಲ ಸರ್."

"ಅವನ ಜೀನ್‌ಗೆ ಆ ಔಷಧಿ ಹಿಡಿಯಲ್ಲ ಅಂತ ನಿಮಗೆ ಗೊತ್ತಿತ್ತು."

"ನೂರಕ್ಕೆ ಐದು ಜನಕ್ಕೆ ಹಿಡಿಯುತ್ತೆ. ಆ ಐದರಲ್ಲಿ ನನ್ನ ತಮ್ಮ ಯಾಕಿರಬಾರದು ಅನ್ನಿಸ್ತು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಮೊದಲು ಕೆಮ್ಮು ಬಂದಾಗ ಅವನು ನನ್ನ ಹತ್ರಾನೇ ಬಂದಿದ್ದ. ಅಕ್ಕಾ, ಒಂದ್ಸಲ ತೋರಿಸಲಾ ಅಂದ. ದಿನಾ ರಸ್ತೆ ಧೂಳು ಕುಡಿತೀಯ, ಕೆಮ್ಮು ಬರದೆ ಇನ್ನೇನು, ಸುಮ್ನಿರೋ ಅಂದೆ. ಏಳು ತಿಂಗಳು ಸುಮ್ಮನಿದ್ದ. ಅಕ್ಕ ಹೇಳಿದಾಳೆ ಅಂತ. ಹದಿನೆಂಟು ವರ್ಷದಿಂದ ಇದೇ ರೋಗ ನೋಡ್ಕೊಂಡು ಕೂತಿದ್ದೋಳು ಸರ್ ನಾನು."

"ಹದಿನೇಳೇ ಯಾಕೆ?"

"ಆ ಕಾಲಂ ಎಲ್ಲಕ್ಕಿಂತ ಕೆಂಪಗಿತ್ತು. ತಮ್ಮನ ನಂಬರ್ ಅವನ ಆಸ್ಪತ್ರೆ ಚೀಟಿ ನೋಡಿ ತಿಳ್ಕೊಂಡಿದ್ದೆ. ಬೇರೆಯವರದು ನಂಬರ್ ಬಿಟ್ರೆ ನಮಗೆ ಏನೂ ಗೊತ್ತಾಗಲ್ಲ." ಧ್ವನಿ ಇಳಿಯಿತು. "ಯಾರವರು?"

"ಹೊಲಿಗೆ ಮಾಡ್ತಿದ್ರು. ಗಂಡನ ಜೊತೆ ಅಂಗಡಿಯಲ್ಲಿ."

"ಹುಷಾರಾಗಿದಾರಾ?"

ಇನ್‌ಸ್ಪೆಕ್ಟರ್ ಎರಡೂ ಚಿತ್ರಗಳನ್ನು ಮಡಿಸಿದ. ಹೆಡ್ ಕಾನ್‌ಸ್ಟೆಬಲ್ ತಲೆ ತಗ್ಗಿಸಿ ಕಾಗದ ನೋಡುತ್ತಿದ್ದಳು. ಟೆಕ್ನಿಷಿಯನ್ನಳಿಗೆ ಅರ್ಥವಾಯಿತು. ಅವಳು ಅಳಲಿಲ್ಲ. ಎರಡೂ ಕೈಗಳನ್ನು ಮೇಜಿನ ಮೇಲೆ, ತನ್ನವಲ್ಲವೆಂಬಂತೆ ಇಟ್ಟುಕೊಂಡು ಕೂತಳು.

ನಾಲ್ಕು ಹದಿನೈದಕ್ಕೆ ಬಂಧನ ದಾಖಲಾಯಿತು. ಮನೆಯವರಿಗೆ ತಿಳಿಸಬೇಕಾದ ಕಾಲಂನಲ್ಲಿ ಅವಳು ತಮ್ಮನ ಫೋನ್ ನಂಬರ್ ಬರೆಸಿದಳು. ಬೇರೆ ಯಾರೂ ಇರಲಿಲ್ಲ.

ಶುಕ್ರವಾರ ಚಾಲಕ ಆಟೊ ಮಾಡಿಸಿಕೊಂಡು ತಾನಾಗಿಯೇ ಬಂದ. ಮೂರು ಮೆಟ್ಟಿಲು ಹತ್ತಲು ಎರಡು ಸಲ ನಿಂತ. ಅಕ್ಕನನ್ನು ಐದು ನಿಮಿಷ ಮಾತಾಡಿಸಲು ಬಿಟ್ಟರು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಕೇಳಿದ:

"ಎಲ್ಲಾ ಹೇಳಿದಳು ಸರ್. ನನಗೆ ಕೆಮ್ಮು ಬಂದಾಗ ನಾನೇ ಡಾಕ್ಟರ ಹತ್ರ ಹೋಗಬಹುದಿತ್ತು. ನಾನೇನು ಮಗುನಾ? ಅದನ್ನ ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಇವತ್ತು ಹೇಳಿದೆ." ಉಸಿರು ಎಳೆದುಕೊಂಡ. "ಆ ಹೊಲಿಗೆಯವರ ಮನೆ ಎಲ್ಲಿ? ಒಂದ್ಸಲ ಹೋಗಿ ಬರ್ತೀನಿ."

ವಿಳಾಸ ಕೊಡುವಂತಿರಲಿಲ್ಲ. ಇನ್‌ಸ್ಪೆಕ್ಟರ್ ದರ್ಜಿಗೆ ಫೋನು ಮಾಡಿ, ಆಗಿದ್ದನ್ನೆಲ್ಲ ಹೇಳಿ, ಚಾಲಕನ ಕೋರಿಕೆಯನ್ನೂ ತಿಳಿಸಿದ. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಈಗ ಬೇಡ ಅನ್ನಿ ಸರ್," ಎಂದ ದರ್ಜಿ ಕೊನೆಗೆ. "ಅವರದೇನೂ ತಪ್ಪಿಲ್ಲ, ಅದನ್ನೂ ಹೇಳಿ."

ಇನ್‌ಸ್ಪೆಕ್ಟರ್ ಎರಡನ್ನೂ ಹೇಳಿದ. ಚಾಲಕ ತಲೆಯಾಡಿಸಿ, ಗೋಡೆ ಹಿಡಿದು ಎದ್ದ.