ಪೊರೆ ಬಿಡುವ ಮೊದಲು

"ಜೋರ ಉಸಿರ ಬಿಡಬ್ಯಾಡ್ರಿ," ಅಂದ ಗುರುಪುತ್ರಪ್ಪ.

"ಸತ್ತ ಹೋಗಲೇನ್ರಿ?"

"ಸಣ್ಣಗ ಬಿಡ್ರಿ. ಆಕಿಗೆ ಗಾಳಿ ಗೊತ್ತಾಗತೈತಿ."

ಆಕಿ ಅಂದರೆ ಗಾಜಿನ ಪೆಟ್ಟಿಗೆಯ ಕೆಂಪು ಮಣ್ಣಿನಲ್ಲಿ ಬಿಲ ಮಾಡಿಕೊಂಡಿದ್ದ ಹೆಣ್ಣು ಜೇಡ. ಅಂಗೈಯಗಲ, ಮೈತುಂಬ ಕೂದಲು. ಪುಸ್ತಕದಲ್ಲಿ ಇದರ ಹೆಸರು ಟಾರಂಟುಲಾ. ಖಾನಾಪುರದ ಅವನ ಮನೆಯ ಹಿಂದಿನ ಕೋಣೆ, ರವಿವಾರ ಮಧ್ಯಾಹ್ನ. ಕಿಟಕಿಗೆ ಗೋಣಿತಟ್ಟು ಕಟ್ಟಿ ಕತ್ತಲು ಮಾಡಿದ್ದ. ಅವನ ಕೈಯಲ್ಲಿ ದಪ್ಪ ರಟ್ಟು, ನನ್ನ ಕೈಯಲ್ಲಿ ಬಣ್ಣ ಹಚ್ಚುವ ಬ್ರಶ್. ಗಂಡು ಜೇಡವನ್ನು ಆಗಷ್ಟೇ ಬಿಲದ ಬಾಯಿಗೆ ಬಿಟ್ಟಿದ್ದೆವು. ಕೂಡಿದ ಮೇಲೆ ಹೆಣ್ಣು ಗಂಡನ್ನು ತಿಂದುಬಿಡಬಹುದು. ಅದಕ್ಕೇ ರಟ್ಟು.

ಇದ್ದದ್ದು ಅದೊಂದೇ ಗಂಡು. ದೊಡ್ಡದಾದ ಮೇಲೆ ಗಂಡು ಕೆಲವೇ ತಿಂಗಳು ಬದುಕುತ್ತದೆ. ಇದರ ಒಂದು ಕಾಲು ಆಗಲೇ ಎಳೆಯುತ್ತಿತ್ತು.

ನಾನು ಬೆಳಗಾವಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಹೆಸರು ಸಾವಂತ್ರಿ. ಅವನು ಹಂಚಿನ ಕಾರ್ಖಾನೆಯ ಗುಮಾಸ್ತ. ಎಂಬತ್ತನಾಲ್ಕರ ಮಾರ್ಚಿನಲ್ಲಿ ಸತ್ತ ಜೇಡವೊಂದನ್ನು ಸುಣ್ಣದ ಡಬ್ಬಿಯಲ್ಲಿ ಹಾಕಿಕೊಂಡು ನಮ್ಮ ಲ್ಯಾಬಿಗೆ ಬಂದಿದ್ದ. "ಇದು ಗಂಡೋ ಹೆಣ್ಣೋ ಹೇಳ್ರಿ ಮೇಡಂ," ಅಂದ. ನಾನು ಲೆನ್ಸ್ ಹಿಡಿದು ತೋರಿಸಿದೆ. ಅವನು ಜೇಡದ ಕಡೆ ನೋಡಲೇ ಇಲ್ಲ. ಆಮೇಲೆ ಪ್ರತಿ ಶನಿವಾರ ಒಂದೊಂದು ಸತ್ತ ಹುಳ ಹಿಡಿದುಕೊಂಡು ಬಂದ. ಖಾನಾಪುರದಲ್ಲಿ ವಾರಕ್ಕೊಂದು ತಪ್ಪದೆ ಸಾಯುವಷ್ಟು ಹುಳಗಳಿಲ್ಲ ಎಂದು ನನಗೂ ಗೊತ್ತಿತ್ತು.

ಅವನ ತಾಯಿ ಅಕ್ಕವ್ವ ಮಾತ್ರ ಹಟ ಹಿಡಿದಿದ್ದಳು. "ಕೊರಳಾಗ ಲಿಂಗ ಕಟ್ಟಿಕೊಂಡು ಜೀವಂತ ಹುಳಾನ ಇನ್ನೊಂದ ಹುಳಕ್ಕ ತಿನಸ್ತಾನ. ಅವು ಇರೂತನಕಾ ಈ ಮನಿಗೆ ಸೊಸಿ ಬರಂಗಿಲ್ಲ." ಅವನು ಕಾಡಿ ಬೇಡಿ ಒಪ್ಪಂದ ಮಾಡಿಕೊಂಡ. ಒಂದೇ ಒಂದು ಸಲ ಮರಿ ಮಾಡಿಸುವುದು, ಆಮೇಲೆ ಎಲ್ಲವನ್ನೂ ಲೋಂಡಾದ ಕಾಡಿಗೆ ಬಿಡುವುದು, ಆಮೇಲೆ ಲಗ್ನ. ಈ ಗಂಡು ಸುಮ್ಮನೆ ಸತ್ತರೆ ಇನ್ನೊಂದಕ್ಕೆ ಮುಂದಿನ ಮಳೆಗಾಲದವರೆಗೆ ಕಾಯಬೇಕು. ನನಗೆ ಇಪ್ಪತ್ತಾರು. ನನ್ನ ಅಪ್ಪ ಒಂದು ವರ್ಷ ಕಾಯುವವನಲ್ಲ.

"ಜೋಡಿ ಒಂದ ಆಗಲಿ," ಎಂದಿದ್ದ ಗುರುಪುತ್ರಪ್ಪ. "ಚೌತಿ ಮುಗದ ಮ್ಯಾಲ ಅನಗೋಳದ ನಿಮ್ಮ ಮನಿಗೆ ಬಂದು ಅಪ್ಪಾರನ್ನ ಕೇಳ್ತೀನಿ."

ಗಂಡು ಮುಂದಿನ ಕೈಗಳಿಂದ ಮಣ್ಣು ಬಡಿಯತೊಡಗಿತು. ಟಪಟಪ, ಟಪಟಪ. ನಿಲ್ಲಿಸಿತು. ಮತ್ತೆ ಬಡಿಯಿತು.

"ಬಾಗಲಾ ಬಡ್ಯಾಕತ್ತಾನ," ಎಂದು ಅವನು ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದ. "ನನಗಿಂತ ಧೈರ್ಯ ಐತಿ."

"ನಿಮಗ ಬಡ್ಯಾಕ ಆರು ತಿಂಗಳಾದ್ರೂ ಆಗಲಿಲ್ಲ."

ಕತ್ತಲಲ್ಲೂ ಅವನು ತಿರುಗಿ ನನ್ನನ್ನು ನೋಡಿದ್ದು ಗೊತ್ತಾಯಿತು. ನಾನು ನೋಡಲಿಲ್ಲ. ನೋಡಿದ್ದರೆ ಹೇಳಿಬಿಡುತ್ತಿದ್ದೆ.

ಹೇಳಬೇಕಾಗಿದ್ದದ್ದು ಇದು. ಶ್ರಾವಣ ಹಿಡಿದಾಗಿನಿಂದ ಅಕ್ಕವ್ವ ಮನೆಯಲ್ಲಿ ಹುಳಕ್ಕೆ ಹುಳ ಹಾಕಲು ಬಿಟ್ಟಿರಲಿಲ್ಲ. "ನಮ್ಮ ಅವ್ವನ ಸಂಗಾಟ ಆಕೀನೂ ಶ್ರಾವಣ ಹಿಡದಾಳ," ಎಂದು ಗುರುಪುತ್ರಪ್ಪ ನಗುತ್ತಿದ್ದ. ಹಿಂದಿನ ರವಿವಾರ ಅವನು ಚಹಾ ತರಲು ಹೋದಾಗ ನಾನು ಕದ್ದು ಒಂದು ಜಿರಲೆ ಬಿಟ್ಟು ನೋಡಿದ್ದೆ. ಹದಿನೈದು ದಿನ ಉಪವಾಸವಿದ್ದ ಹೆಣ್ಣು ಅದನ್ನು ಕಂಡು ಹಿಂದಕ್ಕೆ ಸರಿಯಿತು. ಹೊಟ್ಟೆ ಉಬ್ಬಿತ್ತು, ಕೂದಲ ಬಣ್ಣ ಮಾಸಿತ್ತು. ಅದಕ್ಕೆ ಅರ್ಥ ಒಂದೇ. ಅದು ಪೊರೆ ಬಿಡುವ ಕಾಲ. ಪೊರೆಯ ಜೊತೆ ಗಂಡಿನ ಬೀಜ ಕೂಡಿಡುವ ಚೀಲದ ಒಳಪದರವೂ ಕಳಚಿ ಬೀಳುತ್ತದೆ. ಈಗ ಕೂಡಿಸಿದರೆ ಎಲ್ಲ ದಂಡ. ನಾನು ಆ ಜಿರಲೆಯನ್ನು ಹಿಡಿದು ಹೊರಗೆಸೆದೆ, ಅವನು ತಂದ ಚಹಾ ಕುಡಿದೆ.

ಬಿಲದೊಳಗಿಂದ ಹೆಣ್ಣು ಬಡಿಯಿತು. ಉತ್ತರ. ನಂತರ ಹೊರಗೆ ಬಂದು ಮೈಯೆತ್ತಿ ನಿಂತಿತು, ಹಲ್ಲುಗಳನ್ನು ಅಗಲಿಸಿ. ಗಂಡು ಅದರ ಕೆಳಗೆ ನುಗ್ಗಿ ಮೇಲಕ್ಕೆ ಒತ್ತಿಹಿಡಿಯಿತು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ.

"ಈಗ!" ಅಂದೆ.

ರಟ್ಟು ಇಳಿಯಿತು. ಹೆಣ್ಣು ಬಂದು ರಟ್ಟನ್ನೇ ಕಚ್ಚಿತು. ನಾನು ಗಂಡನ್ನು ಬ್ರಶ್‌ನಿಂದ ಅದರ ಮಡಕೆಗೆ ತಳ್ಳಿದೆ. ಗುರುಪುತ್ರಪ್ಪ ರಟ್ಟನ್ನು ಪಕ್ಕಕ್ಕಿಟ್ಟ. ಆಮೇಲೆ ನನ್ನ ಕೈ ಹಿಡಿದ.

"ಆತು, ಸಾವಂತ್ರಿ! ಖರೇನ ಆತು!"

ಮೊದಲ ಸಲ ಅವನು ಮೇಡಂ ಅನ್ನಲಿಲ್ಲ. ನಾನು ಕೈ ಬಿಡಿಸಿಕೊಳ್ಳಲಿಲ್ಲ, ಬಾಯಿಯನ್ನೂ ಬಿಡಲಿಲ್ಲ.

ಹನ್ನೊಂದನೆಯ ದಿನ ಅವನು ಲ್ಯಾಬಿಗೆ ಬಂದ. ಕಾಗದದಲ್ಲಿ ಸುತ್ತಿದ ಪೊರೆಯನ್ನು ಮೇಜಿನ ಮೇಲಿಟ್ಟ. ಇಡೀ ಜೇಡದ ಆಕಾರ, ಒಳಗೆ ಏನೂ ಇಲ್ಲ.

"ನಿನ್ನೆ ಬಿಟ್ಟಾಳ. ಎಲ್ಲಾ ಹೋತೇನ್ರಿ?"

ಮೈಕ್ರೋಸ್ಕೋಪಿನಲ್ಲಿ ನೋಡಿದೆ. ನೋಡುವುದೇನೂ ಇರಲಿಲ್ಲ. ತಲೆ ಎತ್ತದೆಯೇ, "ಹೋತು," ಅಂದೆ.

"ಮದಲ ಗೊತ್ತಾಗೂದಿಲ್ಲೇನು ಇದು?"

ಇಲ್ಲ ಅಂದಿದ್ದರೆ ನಂಬುತ್ತಿದ್ದ. ನನ್ನ ಮಾತಿನ ಮೇಲೆ ಅವನಿಗೆ ಅಷ್ಟು ನಂಬಿಕೆ ಇತ್ತು. ಅದಕ್ಕೇ ಅನ್ನಲಾಗಲಿಲ್ಲ.

"ನನಗ ಗೊತ್ತಿತ್ತು. ಜಿರಲಿ ಹಾಕಿ ನೋಡಿದ್ದೆ. ಹೇಳಲಿಲ್ಲ."

"ಯಾಕ?"

"ನೀವು ಅನಗೋಳಕ್ಕ ಬರಲಿ ಅಂತ."

ಅವನು ಪೊರೆಯ ಕಡೆ ನೀಡಿದ ಕೈಯನ್ನು ಹಿಂದಕ್ಕೆ ತೆಗೆದ. ಪಕ್ಕದ ಮೇಜಿನಲ್ಲಿ ಕಪ್ಪೆ ಕೊಯ್ಯುತ್ತಿದ್ದ ಹುಡುಗಿಯರು ಕೈ ನಿಲ್ಲಿಸಿ ನಮ್ಮನ್ನೇ ನೋಡಿದರು.

"ಕೇಳಿದ್ರ ಹಂಗೇ ಬರ್ತಿದ್ನಲ್ಲರೀ," ಅಂದ. ಪೊರೆಯನ್ನು ಅಲ್ಲೇ ಬಿಟ್ಟು ಹೋದ.

ಆ ಶನಿವಾರ ಅವನು ಬರಲಿಲ್ಲ. ಚೌತಿ ಮುಗಿಯಿತು. ಅದರ ಮುಂದಿನ ಶನಿವಾರವೂ ಬರಲಿಲ್ಲ. ರವಿವಾರ ನಾನೇ ಖಾನಾಪುರದ ಬಸ್ಸು ಹತ್ತಿದೆ, ಮಡಿಲಲ್ಲಿ ಮುಚ್ಚಳಕ್ಕೆ ತೂತು ಹೊಡೆದ ಡಬ್ಬಿ ಇಟ್ಟುಕೊಂಡು. ಪಕ್ಕದಲ್ಲಿದ್ದ ಹೆಂಗಸು ಒಳಗಿನ ಸದ್ದು ಕೇಳಿ ಬೇರೆ ಸೀಟಿಗೆ ಹೋದಳು.

ಅಕ್ಕವ್ವ ಬಾಗಿಲಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದಳು. "ಬರ್ರಿ ಬಾಯಾರ, ಕುಂದರ್ರಿ. ಡಬ್ಬ್ಯಾಗ ಏನೈತಿ?"

"ಜಿರಲಿ, ಅತ್ತಿ."

ಶೇಂಗಾಕಾಯಿ ಅವಳ ಕೈಯಲ್ಲೇ ಉಳಿಯಿತು. ಅವಳನ್ನು ತಡೆದದ್ದು ಜಿರಲೆಯೋ 'ಅತ್ತಿ' ಎಂಬ ಮಾತೋ ನನಗೆ ತಿಳಿಯಲಿಲ್ಲ.

"ಪೊರಿ ಬಿಟ್ಟ ಹೆಣ್ಣಿಗೆ ಚಂದಂಗ ತಿನಸಬೇಕು," ಅಂದೆ. " ಇಲ್ಲಾಂದ್ರ ಎರಡನೇ ಸಲ ಗಂಡನ್ನ ಬಿಡಾಕ ಬರೂದಿಲ್ಲ. ಶ್ರಾವಣ ಮುಗದೈತಿ. ನಾನ ತಿನಸ್ತೀನಿ, ಪಾಪ ಹತ್ತಿದ್ರ ನನಗ ಹತ್ತಲಿ. ಈ ಸಲ ಮರಿ ಆಗಲಿಲ್ಲಂದ್ರ ಮುಂದಿನ ವರ್ಷ ಮತ್ತ ಮಾಡಸ್ತೀವಿ. ಹುಳಾನೂ ಇರ್ತಾವು, ನಾನೂ ಇರ್ತೀನಿ."

ಗುರುಪುತ್ರಪ್ಪ ಒಳಗಿನಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಗಡ್ಡ ಬೋಳಿಸಿರಲಿಲ್ಲ.

"ನಿಮ್ಮನ್ನ ಕೇಳಾಕ ಬಂದೇನಿ," ಅಂದೆ. "ನನ್ನ ಲಗ್ನ ಮಾಡ್ಕೋತೀರೇನು?"

ತಾಯಿ ಮಗನ ಮುಖ ನೋಡಿದಳು. ಮಗ ನೆಲ ನೋಡಿದ.

"ನನಗ ಇನ್ನೂ ಸಿಟ್ಟೈತಿ," ಅಂದ.

"ಇರಲಿ."

"ಬಾಳ ದಿನಾ ಇರತೈತಿ."

"ನಾನೂ ಬಾಳ ದಿನಾ ಇರ್ತೀನಿ."

ಅವನ ತುಟಿಯ ಒಂದು ತುದಿ ಮಾತ್ರ ಅಲುಗಿತು. ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡ. ತೆಗೆದುಕೊಳ್ಳುವಾಗ ಅವನ ಬೆರಳುಗಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನನ್ನ ಬೆರಳುಗಳ ಮೇಲಿದ್ದವು.

"ಅಡಗಿಮನಿ ಹೊಸ್ತಲಾ ದಾಟಿದ್ರ ನೋಡ್ರಿ ಮತ್ತ," ಎಂದು ಅಕ್ಕವ್ವ ಮತ್ತೆ ಶೇಂಗಾಕ್ಕೆ ಕೈ ಹಾಕಿದಳು. ಜಿರಲೆಗೆ ಅಂದಳೋ ನಮಗೆ ಅಂದಳೋ, ಕೇಳಲು ಇಬ್ಬರಿಗೂ ಧೈರ್ಯವಾಗಲಿಲ್ಲ.

ಎರಡನೆಯ ಸಲ ಹೆಣ್ಣಿನ ಬಳಿ ಬಿಡುವ ಮೊದಲೇ, ಗುರುವಾರ, ಗಂಡು ಜೇಡ ಸತ್ತಿತು.

ಗುರುಪುತ್ರಪ್ಪ ಶುಕ್ರವಾರ ಬೆಳಿಗ್ಗೆಯೇ ಅನಗೋಳಕ್ಕೆ ಬಂದು ನಮ್ಮ ಬಾಗಿಲು ಬಡಿದ.