ಶುಕ್ರವಾರದ ಹಡಗಿಗೆ ಮುಂಚೆ

"ಶುಕ್ರವಾರ ಹಡಗು ಬರುತ್ತೆ. ನನ್ನ ಕಯಾಕ್ ಅದ್ರಲ್ಲೇ ಹೋಗುತ್ತೆ. ಮ್ಯೂಸಿಯಮ್ಮಿನೋರಿಗೆ ಮಾತು ಕೊಟ್ಟಾಗಿದೆ," ಎಂದು ಇನುಟೆಕ್ ಮಾಮ ಖಡಾಖಂಡಿತವಾಗಿ ಹೇಳಿಬಿಟ್ಟ.

"ಅಷ್ಟರೊಳಗೆ ನಾನೊಂದು ತಿಮಿಂಗಿಲ ಹೊಡ್ಕೊಂಡು ಬಂದ್ರೆ?" ತುಕುಮೆಕ್ ಕೇಳಿದಳು.

"ಅವ್ವಾ, ನೀನು ಕಯಾಕ್ ಪಂದ್ಯದಲ್ಲಿ ಪದಕ ಗೆದ್ದಷ್ಟು ಸಲೀಸಲ್ಲ ಇದು."

ತೀರಿಹೋದ ತನ್ನ ತಾಯಿಯ ಹೆಸರನ್ನೇ ಇವಳಿಗೆ ಇಟ್ಟಿದ್ದರಿಂದ, ಎಪ್ಪತ್ತರ ಆ ಮುದುಕ ಮೂವತ್ತರ ತಂಗಿಯ ಮಗಳನ್ನು ಅವ್ವಾ ಎಂದೇ ಕರೆಯುತ್ತಿದ್ದ. ಬಯ್ಯುವಾಗಲೂ ಅಷ್ಟೇ.

ಗ್ರೀನ್‌ಲ್ಯಾಂಡಿನ ಉತ್ತರದ ಆ ಕೊಲ್ಲಿಯಲ್ಲಿ ಕಟ್ಟಳೆ ಒಂದೇ: ಕೊಂಬಿನ ತಿಮಿಂಗಿಲಕ್ಕೆ ಮೊದಲ ಈಟಿ ಒಬ್ಬರೇ ಕೂತು ಹುಟ್ಟು ಹಾಕುವ ಕಯಾಕ್ ದೋಣಿಯಿಂದಲೇ ಬೀಳಬೇಕು. ಬಂದೂಕು, ಮೋಟಾರು ದೋಣಿ ಎಲ್ಲ ಆಮೇಲೆ. ಊರಲ್ಲಿ ಉಳಿದಿದ್ದ ಕಯಾಕ್ ಇದೊಂದೇ. ಅದೂ ಹೋದರೆ ಬೇಟೆಯೇ ಹೋದಂತೆ.

"ಮೂರು ದಿನ ಕೊಡ್ತೀನಿ. ತಂದ್ರೆ ಮ್ಯೂಸಿಯಮ್ಮಿನ ಕತೆ ಆಮೇಲೆ ನೋಡೋಣ," ಎಂದ ಮಾಮ.

ತುಕುಮೆಕ್‌ಳ ಅಕ್ಕನ ಗಂಡ ಮಾಮರುತ್‌ನ ಮೋಟಾರು ದೋಣಿಗೆ ಕಯಾಕ್ ಕಟ್ಟಿಕೊಂಡು ಮೂವರೂ ಹೊರಟರು. ಆಗಸ್ಟ್ ತಿಂಗಳ ಸೂರ್ಯ ಮುಳುಗುವ ಮಾತೇ ಎತ್ತದೆ ಬೆಟ್ಟಗಳ ತಲೆಯ ಮೇಲೆ ಸುತ್ತುತ್ತಿದ್ದ. ಹಿಮನದಿಯ ಬಾಯಿಂದ ಕಳಚಿಬಿದ್ದ ಮಂಜುಗಡ್ಡೆಗಳು ಮನೆಗಾತ್ರ, ಗುಡ್ಡಗಾತ್ರವಾಗಿ ತೇಲುತ್ತಿದ್ದವು. ಅವುಗಳ ಸಂದಿಯಲ್ಲಿ ದಾರಿ ಹುಡುಕುತ್ತ ಕೊಲ್ಲಿಯ ಒಳಕ್ಕೆ ಹೋಗಿ, ಒಂದು ಬಂಡೆಯ ಮೂಲೆಯಲ್ಲಿ ಗುಡಾರ ಹಾಕಿದರು. ಎರಡು ದಿನ ಒಣಮೀನು ತಿಂದು ನೀರು ನೋಡಿದ್ದೇ ಬಂತು.

ಮೂರನೆಯ ಬೆಳಿಗ್ಗೆ ನೀರಿನ ಮೇಲೆ ಉಸಿರಿನ ಸದ್ದು. ಫುಸ್! ಫುಸ್!

ತುಕುಮೆಕ್ ಕಯಾಕಿಗಿಳಿದು ಬಿರಬಿರನೆ ಹುಟ್ಟು ಹಾಕಿದಳು. ಅಷ್ಟೇ, ತಿಮಿಂಗಿಲಗಳು ಮಂಗಮಾಯ!

"ಹುಟ್ಟಿನಿಂದ ತೊಟ್ಟಿಕ್ಕೋ ನೀರೂ ಅವಕ್ಕೆ ಕೇಳಿಸುತ್ತವ್ವಾ! ಯಾರ ಜೊತೆ ಪಂದ್ಯ ಕಟ್ಟಿದ್ದೀಯ?" ದಡದಿಂದ ಮಾಮ ಗದರಿದ. "ಮಂಜುಗಡ್ಡೆ ಹಿಂದೆ ಸುಮ್ಮನೆ ಕೂತ್ಕೋ. ಅವು ಮುಂದೆ ಹೋಗ್ಲಿ. ಬೆನ್ನ ಹಿಂದಿರೋದು ಅವಕ್ಕೆ ಕಾಣಲ್ಲ."

ಅವಮಾನ ನುಂಗಿಕೊಂಡು ಕೂತಳು. ಒಂದು ತಾಸು, ಎರಡು ತಾಸು. ಕಾಲು ಜೋಮು ಹಿಡಿಯಿತು. ಕೊನೆಗೆ ಚುಕ್ಕೆಚುಕ್ಕೆಯ ದೊಡ್ಡ ಬೆನ್ನೊಂದು ಪಕ್ಕದಲ್ಲೇ ಎದ್ದು ಮುಂದೆ ಸರಿಯಿತು. ಈ ಸಲ ಹುಟ್ಟನ್ನು ನೀರಿನಿಂದ ಎತ್ತಲೇ ಇಲ್ಲ. ಸದ್ದಿಲ್ಲದೆ ಜಾರಿಸಿಕೊಂಡು ಹಿಂದಿನಿಂದ ಹೋದಳು.

ಈಟಿಯ ಬುಡವನ್ನು ಅದನ್ನು ಚಿಮ್ಮಿಸುವ ಗಿಡ್ಡ ಎಸೆಗೋಲಿಗೆ ಸಿಕ್ಕಿಸಿ ಬೀಸಿದಳು. ನಾಟಿತು!

ಈಟಿಗೆ ಕಟ್ಟಿದ್ದ ಹಗ್ಗ ಸರ್ರನೆ ಬಿಚ್ಚಿಕೊಂಡಿತು. ಅದರ ತುದಿಗೆ ಕಟ್ಟಿದ್ದ, ಗಾಳಿ ತುಂಬಿದ ಸೀಲ್ ಚರ್ಮದ ಚೀಲ ಬೆನ್ನ ಹಿಂದಿತ್ತು. ಆ ಕ್ಷಣವೇ ಅದನ್ನು ನೀರಿಗೆ ತಳ್ಳಬೇಕಿತ್ತು. ಪಂದ್ಯದಲ್ಲಿ ಅಂಥ ಚೀಲ ಎಲ್ಲಿಂದ ಬರಬೇಕು? ಮರೆತೇಬಿಟ್ಟಳು.

ಹಗ್ಗ ಬಿಗಿಯಿತು. ಕಯಾಕ್ ಮಗುಚಿತು.

ತಲೆಕೆಳಗು. ಕತ್ತಲೆ. ಕೊರೆಯುವ ನೀರು. ಚೀಲ ತಾನಾಗಿಯೇ ಕಿತ್ತುಕೊಂಡು ಹೋಯಿತು, ಜೊತೆಗೆ ಹುಟ್ಟೂ ಹೋಯಿತು. ಕೈಯಲ್ಲಿ ಉಳಿದಿದ್ದು ಮೊಳದುದ್ದದ ಎಸೆಗೋಲು ಮಾತ್ರ.

ಅದನ್ನೇ ನೀರಿಗೆ ಒತ್ತಿ ಸೊಂಟ ತಿರುಗಿಸಿದಳು. ಕಯಾಕ್ ತಿರುಗಲಿಲ್ಲ, ಸೊಂಟವೇ ಒಳಗೆ ಜಾರಿತು. ಎದೆ ಉರಿಯುತ್ತಿತ್ತು. ಮೊಣಕಾಲುಗಳನ್ನು ಮೇಲಕ್ಕೆ ಅದುಮಿ ಹಿಡಿದು, ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ ಮತ್ತೊಮ್ಮೆ ಒತ್ತಿದಳು.

ಬೆಳಕು! ಗಾಳಿ!

"ಬದುಕಿದ್ದೀಯೇನೇ?" ದೋಣಿಯಲ್ಲಿ ಧಾವಿಸುತ್ತಿದ್ದ ಮಾಮರುತ್ ಕೂಗಿದ.

"ನನ್ನನ್ನ ಬಿಡು ಭಾವಾ! ಚೀಲ ನೋಡು, ಚೀಲ!"

ಚೀಲ ಮುಳುಗುತ್ತ ಏಳುತ್ತ ಓಡುತ್ತಿತ್ತು. ದಣಿದ ತಿಮಿಂಗಿಲ ಮೇಲೆ ಬಂದಾಗ ಮಾಮರುತ್‌ನ ಬಂದೂಕು ಒಂದೇ ಸಲ ಗುಡುಗಿತು.

ಗುರುವಾರ ಸಂಜೆ ಊರಿಗೂರೇ ಚಾಕು ಹಿಡಿದು ದಂಡೆಗೆ ಬಂತು. ಎಲ್ಲರಿಗೂ ಪಾಲು ಸಿಕ್ಕಿತು.

ಮರುದಿನ ಹಡಗಿನವರು ಬಂದಾಗ ಮಾಮ ತಾನೇ ಕಯಾಕ್ ಒರೆಸಿ ಅವರ ಕೈಗೆ ಕೊಟ್ಟ. ತುಕುಮೆಕ್ ಓಡಿ ಬಂದು ಅಡ್ಡ ನಿಂತಳು.

"ಮಾಮಾ! ನಾನು ತಿಮಿಂಗಿಲ ತಂದೆನಲ್ಲ!"

"ತಂದೆ. ಅದಕ್ಕೇ ಕಳಿಸ್ತಿರೋದು. ಅದು ನನ್ನ ಸೊಂಟದ ಅಳತೆಗೆ ಮಾಡಿದ್ದು. ಇನ್ನೊಂದು ಸಲ ಕೂತ್ರೆ ನಿನ್ನನ್ನ ನುಂಗಿಹಾಕುತ್ತೆ." ಮಾಮ ಜೇಬಿನಿಂದ ದಾರ ತೆಗೆದ. "ಕೈ ಚಾಚಿ ನಿಲ್ಲವ್ವಾ. ಅಲ್ಲಾಡಬೇಡ."

ತೋಳಿನಿಂದ ತೋಳಿಗೆ ಅಳೆದ. ಸೊಂಟದ ಸುತ್ತ ಅಳೆದು ಗಂಟು ಹಾಕಿದ.

"ನನಗೂ ಒಂದು ಹೊಸ ಕಯಾಕ್ ಮಾಡ್ಕೊಡು ಮಾಮ," ಎಂದ ಮಾಮರುತ್.

"ನಿನ್ನ ಹೊಟ್ಟೆಗೆ ಆ ಹಡಗೇ ಬೇಕು, ನಡಿ."

ತುಕುಮೆಕ್‌ಗೆ ನಗು ತಡೆಯಲಾಗಲಿಲ್ಲ, ಅಳುವೂ ಬಂತು. ಆದರೂ ಚಾಚಿದ ಕೈ ಇಳಿಸಲಿಲ್ಲ.